ಕ್ಯಾಲೊರಿ ಲೆಕ್ಕವೂ ಇರಲಿ, ಹೊಟ್ಟೆಯೂ ತುಂಬಲಿ: ತೂಕ ಇಳಿಸುವವರಿಗೆ ಒಂದು ಮಾರ್ಗದರ್ಶಿ

ತೂಕ ಇಳಿಸಲು ಹೊರಟವರಲ್ಲಿ ಎರಡು ಗುಂಪು ಕಾಣುತ್ತದೆ. ಕೆಲವರು ಫೋನಿಗೆ ಆ್ಯಪ್ ಹಾಕಿಕೊಂಡು ತಿಂದದ್ದನ್ನೆಲ್ಲ ಬರೆದಿಡುತ್ತಾರೆ. ರಾತ್ರಿ ಎಂಟಕ್ಕೆ ಅವತ್ತಿನ ಲೆಕ್ಕ ಮುಗಿದಿರುತ್ತದೆ, ಹೊಟ್ಟೆ ಮಾತ್ರ ಚುರುಗುಟ್ಟುತ್ತಲೇ ಇರುತ್ತದೆ. ಇನ್ನು ಕೆಲವರಿಗೆ ಲೆಕ್ಕದ ಗೊಡವೆಯೇ ಬೇಡ. ಹಸಿದಾಗ ತಿನ್ನೋಣ, ತುಂಬಿದಾಗ ಏಳೋಣ ಅನ್ನುತ್ತಾರೆ. ತಿಂಗಳುಗಟ್ಟಲೆ ತೂಕದ ಮುಳ್ಳು ಅಲುಗುವುದಿಲ್ಲ.

ನನ್ನ ಪ್ರಕಾರ ಎರಡೂ ಬೇಕು, ಆದರೆ ಎರಡಕ್ಕೂ ಬೇರೆ ಬೇರೆ ಕೆಲಸ ಕೊಡಬೇಕು. ತಟ್ಟೆಯಲ್ಲಿ ಏನಿರಬೇಕು ಎಂದು ಕಲಿಯಲು ಲೆಕ್ಕ ಬೇಕು. ಎಷ್ಟಕ್ಕೆ ಕೈ ತೊಳೆಯಬೇಕು ಎಂದು ಹೇಳಲು ಹೊಟ್ಟೆ ಬೇಕು. ಇವೆರಡೂ ಜಗಳಕ್ಕೆ ಬಿದ್ದರೆ, ಮನಸ್ಸನ್ನು ಇನ್ನಷ್ಟು ಬಿಗಿ ಮಾಡುವ ಮೊದಲು ತಟ್ಟೆಯನ್ನು ಬದಲಾಯಿಸಿ ನೋಡಬೇಕು.

ಶುರು ಮಾಡುವ ಮುಂಚೆ ಒಂದು ಮಾತು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, 18 ತುಂಬದವರು ಇದನ್ನು ತಾವಾಗಿಯೇ ಮಾಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ಸಕ್ಕರೆ ದಿಢೀರ್ ಇಳಿಯಬಹುದು. ಔಷಧಿಯ ಪ್ರಮಾಣವನ್ನು ಡಾಕ್ಟರ್ ಜೊತೆ ಮಾತಾಡಿಯೇ ಮುಂದುವರಿಯಿರಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಕೇಳಲೇಬೇಕು. ಊಟದ ವಿಷಯದಲ್ಲಿ ಹಿಂದೆ ಮನಸ್ಸು ತುಂಬಾ ನೊಂದಿದ್ದರೆ, ಅಂದರೆ ತಿಂದು ವಾಂತಿ ಮಾಡಿಕೊಳ್ಳುವುದು, ದಿನಗಟ್ಟಲೆ ಉಪವಾಸ ಕೂರುವುದು ಇದ್ದಿದ್ದರೆ, ಕ್ಯಾಲೊರಿ ಲೆಕ್ಕ ನಿಮಗಲ್ಲ. ಅದು ಹಳೆಯ ಗಾಯವನ್ನು ಕೆದಕುತ್ತದೆ.

ಹೆಜ್ಜೆ 1: ಗುರಿಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ

ಮೊದಲು ತೂಕ ಇಳಿಸುವ ಅಗತ್ಯ ಇದೆಯಾ ನೋಡಿ. ಭಾರತೀಯರಿಗೆ ಬಿಎಂಐ (ಕಿಲೊದಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ಸೊಂಟದ ಅಳತೆ ಬಿಎಂಐಗಿಂತ ಹೆಚ್ಚು ಹೇಳುತ್ತದೆ, ಯಾಕೆಂದರೆ ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುವುದು ಜಾಸ್ತಿ.

ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂದು ಅಂದಾಜು ಮಾಡಲು 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ ಸಾಕು. ಕಿಲೊದಲ್ಲಿ ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರ್‌ನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಅದಕ್ಕೆ ಸೇರಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಹೆಂಗಸರು 161 ಕಳೆಯಬೇಕು, ಗಂಡಸರು 5 ಕೂಡಿಸಬೇಕು. ಇದು ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದಷ್ಟು. ಕೂತು ಕೆಲಸ ಮಾಡುತ್ತಾ ಒಂದಿಷ್ಟು ಓಡಾಡುವವರು ಅದನ್ನು 1.375ರಿಂದ ಗುಣಿಸಬೇಕು.

38 ವರ್ಷದ, 158 ಸೆಂಟಿಮೀಟರ್ ಎತ್ತರದ, 68 ಕಿಲೊ ತೂಕದ ಮಹಿಳೆಯನ್ನು ತೆಗೆದುಕೊಳ್ಳಿ. ಸೂತ್ರ 1,316 ಕೊಡುತ್ತದೆ. ಓಡಾಟ ಸೇರಿಸಿದರೆ ಸುಮಾರು 1,810. ಇದರಲ್ಲಿ 350 ಕಳೆದರೆ 1,450ರ ಆಸುಪಾಸು. ಅವರ ಗುರಿ 1,350ರಿಂದ 1,550 ಇರಲಿ. ಹೀಗೆ ಮೇಲೆ ಕೆಳಗೆ ನೂರು ಬಿಡುವುದಕ್ಕೆ ಕಾರಣ ಇದೆ. ಸೂತ್ರವೇ ಒಂದು ಅಂದಾಜು, ಮನೆಯ ಹುಳಿಯ ಕ್ಯಾಲೊರಿಯೂ ಅಂದಾಜು. ಎರಡು ಅಂದಾಜುಗಳ ಮೇಲೆ ಕೂತು 1,450ರ ಮೇಲೆ ಒಂದು ತುತ್ತೂ ಬೇಡ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 350 ಕಡಿಮೆಯಾದರೆ ತಿಂಗಳಿಗೆ ಒಂದು ಕಿಲೊ ಚಿಲ್ಲರೆ ಇಳಿಯಬೇಕು. ಇದು ನಿಧಾನ ಅನಿಸಬಹುದು. ಆದರೆ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ವೈದ್ಯರ ನಿಗಾ ಇಲ್ಲದೆ ಹೋಗಲೇಬೇಡಿ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ದಿನವಿಡೀ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುವವರಾದರು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಾಗಲೂ ಎಷ್ಟೋ ಜನರಿಗೆ ವಾರಗಟ್ಟಲೆ ತೃಪ್ತಿಯೇ ಆಗಲಿಲ್ಲ. ತುಂಬಾ ಕೆಳಗೆ ಹೋದರೆ ಆಗುವ ದೊಡ್ಡ ನಷ್ಟ ಇದು. ಯಾವ ಹೊಟ್ಟೆಯ ಮಾತು ಕೇಳಬೇಕು ಅಂದುಕೊಂಡಿದ್ದೆವೋ, ಅದೇ ದಾರಿ ತಪ್ಪುತ್ತದೆ.

ಹೆಜ್ಜೆ 2: ನಿಮ್ಮ ಅಡುಗೆಮನೆಯನ್ನು ಒಮ್ಮೆ ಅಳೆಯಿರಿ

ಆ್ಯಪ್‌ನಲ್ಲಿ "ಸಾಂಬಾರ್, ಒಂದು ಬಟ್ಟಲು" ಎಂದು ಒತ್ತಿದರೆ ಬರುವ ಸಂಖ್ಯೆ ನಿಮ್ಮ ಮನೆಯ ಹುಳಿಯದ್ದಾಗಿರುವುದಿಲ್ಲ. ಒಬ್ಬರ ಮನೆಯಲ್ಲಿ ಬೇಳೆ ಗಟ್ಟಿ, ಇನ್ನೊಬ್ಬರದ್ದು ತೆಳು. ಮಂಗಳೂರಿನ ಕಡೆ ತೆಂಗಿನಕಾಯಿ ಅರೆದು ಹಾಕುತ್ತಾರೆ, ಮಂಡ್ಯದ ಬಸ್ಸಾರಿಗೆ ಬೇರೆಯದೇ ಖಾರ. ಅದಕ್ಕೇ ಸಣ್ಣ ಡಿಜಿಟಲ್ ತಕ್ಕಡಿ ಒಂದು ಮನೆಗೆ ಬರಲಿ. ಎರಡು ವಾರ ಅಳೆದರೆ ಸಾಕು, ಕಣ್ಣಿಗೇ ಅಂದಾಜು ಸಿಗುತ್ತದೆ.

ನಿಮ್ಮ ಸೌಟಿಗೆ ಎಷ್ಟು ಗ್ರಾಂ ಅನ್ನ ಹಿಡಿಯುತ್ತದೆ ನೋಡಿ. 100 ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲೊರಿ. ಒಂದು ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆ ಅಳೆಯಿರಿ. 75 ಗ್ರಾಂ ರಾಗಿಹಿಟ್ಟಿನ ಮುದ್ದೆ 240ರಷ್ಟು. 45 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ 150. ಸಾಧಾರಣ ಗಾತ್ರದ ಇಡ್ಲಿ 50–60. ಪಲ್ಯ, ಹುಳಿಯಂಥವಕ್ಕೆ ಪಾತ್ರೆಗೆ ಹೋದ ಬೇಳೆ, ಎಣ್ಣೆ, ಕಾಯಿ ಮೂರನ್ನು ಮಾತ್ರ ತೂಗಿ, ಊಟ ಮಾಡುವವರ ಸಂಖ್ಯೆಯಿಂದ ಭಾಗಿಸಿ. ತರಕಾರಿ, ಸೊಪ್ಪುಗಳನ್ನು ಲೆಕ್ಕ ಹಾಕುತ್ತಾ ಕೂರಬೇಡಿ. 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು 15 ಕ್ಯಾಲೊರಿ.

ಈ ಎರಡು ವಾರ ಏನನ್ನೂ ಕಡಿಮೆ ಮಾಡದೆ, ಎಂದಿನಂತೆ ತಿಂದು ಬರೆಯುವುದು ಒಳ್ಳೆಯದು. ಜೊತೆಗೆ ಪ್ರತಿ ಊಟದ ಮುಂದೆ ಇನ್ನೊಂದು ವಿಷಯ ಬರೆಯಿರಿ: ಮತ್ತೆ ಹಸಿವಾಗಿದ್ದು ಯಾವಾಗ? 400 ಕ್ಯಾಲೊರಿಯ ಒಂದು ತಿಂಡಿ ಮಧ್ಯಾಹ್ನದವರೆಗೆ ಹಿಡಿದಿಟ್ಟರೆ, ಇನ್ನೊಂದು ಹತ್ತೂವರೆಗೇ ಕೈಕೊಡುತ್ತದೆ. ಈ ಒಂದು ಸಾಲು ಮುಂದಿನ ಎಲ್ಲ ಹೆಜ್ಜೆಗಳಿಗೂ ಬೇಕು.

ಹೆಜ್ಜೆ 3: ಹೊಟ್ಟೆಗೆ ಗೊತ್ತೇ ಆಗದ ಕ್ಯಾಲೊರಿಯಿಂದ ಕತ್ತರಿಸಿ

ಅನ್ನ, ಮುದ್ದೆ ಕಡಿಮೆ ಮಾಡುವ ಮೊದಲು ಎಣ್ಣೆಯ ಕಡೆ ನೋಡಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆ ಖಾಲಿಯಾಗುತ್ತಿದ್ದರೆ, ತಲಾ ದಿನಕ್ಕೆ 270 ಕ್ಯಾಲೊರಿ ಬರೀ ಎಣ್ಣೆಯಿಂದ. 3 ಲೀಟರ್‌ಗೆ ಇಳಿದರೆ ಸುಮಾರು 205. ಒಂದು ಲೀಟರ್ ಕಡಿಮೆಯಾಗಿದ್ದು ಯಾರ ಹೊಟ್ಟೆಗೂ ತಿಳಿಯುವುದಿಲ್ಲ, ಇಡೀ ಮನೆಗೆ ಲಾಭ. ಎಣ್ಣೆಯನ್ನು ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಹಾಕಿದರೇ ಅರ್ಧ ಕೆಲಸ ಆಗುತ್ತದೆ. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ಎಂದರೆ 45 ಕ್ಯಾಲೊರಿ.

ಆಮೇಲೆ ಕಾಫಿ, ಟೀ. ನೂರು ಎಂಎಲ್ ಟೋನ್ಡ್ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಕಪ್ಪಿಗೆ 95ರಷ್ಟು. ದಿನಕ್ಕೆ ಮೂರು ಕುಡಿದರೆ 280 ದಾಟುತ್ತದೆ, ಊಟದಲ್ಲಿ ಒಂದು ತುತ್ತೂ ಕಡಿಮೆ ತಿನ್ನಿಸುವುದಿಲ್ಲ. ಕಾಫಿ ಬಿಡಿ ಅನ್ನುವುದಿಲ್ಲ. ಬೆಳಗಿನ ಫಿಲ್ಟರ್ ಕಾಫಿ ಹೋದರೆ ದಿನವೇ ಶುರುವಾಗದವರು ನಮ್ಮಲ್ಲಿ ಎಷ್ಟು ಜನ! ಸಕ್ಕರೆ ಅರ್ಧ ಮಾಡಿ, ಆಫೀಸಿನ ಹತ್ತಿರ ಬೈ ಟು ಹೇಳಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಕ್ಯಾಲೊರಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಶೇಂಗಾ, ಗೋಡಂಬಿ, ಕೊಬ್ಬರಿ ಒಳ್ಳೆಯ ಆಹಾರವೇ. ಆದರೆ 100 ಗ್ರಾಂ ಹುರಿದ ಶೇಂಗಾ 570 ಕ್ಯಾಲೊರಿ. ಟಿವಿ ನೋಡುತ್ತಾ ಡಬ್ಬಿಯಿಂದ ತಿಂದರೆ ನೂರು ಗ್ರಾಂ ಸಲೀಸಾಗಿ ಹೋಗುತ್ತದೆ. ಒಂದು ಹಿಡಿ ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ.

ಪ್ಯಾಕೆಟ್ ತಿಂಡಿಯ ವಿಷಯಕ್ಕೆ ಬಂದರೆ, 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ಮಾಡಿದ ಪ್ರಯೋಗ ನೆನಪಿಡುವಂಥದ್ದು. 20 ಜನರಿಗೆ ಎರಡು ವಾರ ಕಾರ್ಖಾನೆಯ ತಯಾರಿ ಆಹಾರ, ಇನ್ನೆರಡು ವಾರ ಸಾದಾ ಅಡುಗೆ. ಬೇಕಾದಷ್ಟು ತಿನ್ನಿ ಎಂದರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಹೊಂದುವಂತೆ ನೋಡಿಕೊಂಡಿದ್ದರು. ಆದರೂ ಕಾರ್ಖಾನೆಯ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಹೊಟ್ಟೆಯ ಮಾತು ಕೇಳಬೇಕೆಂದರೆ, ಹೊಟ್ಟೆಗೆ ಅರ್ಥವಾಗುವ ಆಹಾರ ಕೊಡಬೇಕು.

ಹೆಜ್ಜೆ 4: ಅಷ್ಟೇ ಕ್ಯಾಲೊರಿ, ದೊಡ್ಡ ತಟ್ಟೆ

ಹೊಟ್ಟೆ ತುಂಬಿತು ಎನ್ನುವ ಸುದ್ದಿ ಮಿದುಳಿಗೆ ಹಲವು ದಾರಿಯಿಂದ ಹೋಗುತ್ತದೆ. ಜಠರ ಹಿಗ್ಗಿದಾಗ ನರಗಳು ಹೇಳುತ್ತವೆ. ಪ್ರೋಟೀನ್, ಕೊಬ್ಬು ಕರುಳಿಗೆ ಇಳಿದಾಗ ಜಿಎಲ್‌ಪಿ-1, ಪಿವೈವೈಯಂಥ ಹಾರ್ಮೋನುಗಳು ಹೇಳುತ್ತವೆ. ಅಂದರೆ ನೀರು ಮತ್ತು ನಾರು ಇರುವ, ಜಾಗ ತುಂಬುವ ಆಹಾರವೂ ಬೇಕು, ಪ್ರೋಟೀನೂ ಬೇಕು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ತಂಡ 38 ಆಹಾರಗಳನ್ನು ಒಂದೇ ಪ್ರಮಾಣದ ಕ್ಯಾಲೊರಿಯಲ್ಲಿ ಕೊಟ್ಟು ಪರೀಕ್ಷಿಸಿತು. ಬಿಳಿ ಬ್ರೆಡ್‌ಗೆ 100 ಅಂಕ ಎಂದಿಟ್ಟುಕೊಂಡರೆ, ಬೆಣ್ಣೆ ತುಂಬಿದ ಕ್ರೊಸಾಂಟ್‌ಗೆ ಸಿಕ್ಕಿದ್ದು 47. ಬೇಯಿಸಿದ ಆಲೂಗಡ್ಡೆಗೆ 323! ಆಲೂಗಡ್ಡೆ ದಪ್ಪ ಮಾಡುತ್ತದೆ ಎಂದು ದೂರ ಇಟ್ಟವರು ಇದನ್ನು ಗಮನಿಸಬೇಕು. ದಪ್ಪ ಮಾಡುವುದು ಅದನ್ನು ಕರಿದ ಎಣ್ಣೆ.

ನಮ್ಮ ಮಧ್ಯಾಹ್ನದ ಊಟಕ್ಕೆ ಇದನ್ನು ಹೊಂದಿಸಿ ನೋಡೋಣ. ಮೊದಲ ತಟ್ಟೆ: 300 ಗ್ರಾಂ ಅನ್ನ, ತಿಳಿಸಾರು, ಒಂದು ಚಮಚ ತುಪ್ಪ, ಕರಿದ ಎರಡು ಹಪ್ಪಳ. ಸುಮಾರು 585 ಕ್ಯಾಲೊರಿ. ಎರಡನೆಯದು: 120 ಗ್ರಾಂ ಅನ್ನ, ಬೇಳೆ ಗಟ್ಟಿಯಾಗಿರುವ ಒಂದು ದೊಡ್ಡ ಬಟ್ಟಲು ಹುಳಿ, ಒಂದು ಚಮಚ ಎಣ್ಣೆಯಲ್ಲಿ ಮಾಡಿದ ಹುರುಳಿಕಾಯಿ ಪಲ್ಯ ಒಂದು ಬಟ್ಟಲು, ಹೆಸರುಬೇಳೆ–ಸೌತೆಕಾಯಿ ಕೋಸಂಬರಿ ಒಂದು ಬಟ್ಟಲು, ಕೊನೆಗೆ ಒಂದು ಲೋಟ ನೀರು ಮಜ್ಜಿಗೆ. ಇದೂ ಸುಮಾರು 580. ಮೊದಲನೆಯದನ್ನು ತಿಂದು ನಾಲ್ಕು ಗಂಟೆಗೆ ಬಿಸ್ಕೆಟ್ ಹುಡುಕುತ್ತೇವೆ. ಎರಡನೆಯದರಲ್ಲಿ ತಟ್ಟೆಯೇ ಮುಗಿಯುವುದಿಲ್ಲ. ಲೆಕ್ಕಕ್ಕೂ ಹೊಟ್ಟೆಗೂ ರಾಜಿ ಆಗುವುದು ಇಲ್ಲೇ.

ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರಲ್ವಾ? ಅದೇ ಕ್ರಮದಲ್ಲಿ ತಿನ್ನಿ. ಅನ್ನ ಬರುವಷ್ಟರಲ್ಲಿ ಅವೆರಡೂ ಅರ್ಧ ಖಾಲಿಯಾಗಿರಲಿ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದೂ ಇದರಿಂದ ತಗ್ಗುತ್ತದೆ.

ಹಳೆ ಮೈಸೂರಿನ ಮನೆಗಳಲ್ಲಿ ಒಂದು ಮುದ್ದೆ, ಹುರುಳಿಕಾಳಿನ ಬಸ್ಸಾರು, ಅದರದ್ದೇ ಪಲ್ಯ ಇದ್ದರೆ ಬೇರೇನೂ ಬೇಡ. 100 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟ ಬೇಗ ಮುಗಿಯುತ್ತದೆ. ಅದಕ್ಕೇ ಕಾಳು, ಪಲ್ಯ ಜೊತೆಗಿರಬೇಕು, ಅವು ಅಗಿಯಲು ಕೆಲಸ ಕೊಡುತ್ತವೆ. ಉತ್ತರ ಕರ್ನಾಟಕದವರಿಗೆ ಎರಡು ಜೋಳದ ರೊಟ್ಟಿ, ಮೊಳಕೆ ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು–ಮೂಲಂಗಿಯ ಪಚಡಿ ಸಾಕಷ್ಟಾಯಿತು. ಶೇಂಗಾ ಚಟ್ನಿ ಒಂದು ಚಮಚಕ್ಕೆ ನಿಲ್ಲಲಿ. ಕರಾವಳಿಯಲ್ಲಿ ಕುಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಒಂದೇ ಸಾಲದು, ಕಾಯಿ ಕಡಿಮೆ ಹಾಕಿದ ಬಂಗುಡೆ ಸಾರು ಅಥವಾ ಹೆಸರುಕಾಳು ಬೇಕು.

ಪ್ರೋಟೀನ್ ದಿನಕ್ಕೆ ದೇಹದ ಪ್ರತಿ ಕಿಲೊಗೆ 1 ಗ್ರಾಮಾದರೂ ಇರಲಿ, 1.2 ಮುಟ್ಟಿದರೆ ಇನ್ನೂ ಒಳ್ಳೆಯದು. ತೂಕ ಇಳಿಯುವಾಗ ಮಾಂಸಖಂಡ ಕರಗದಂತೆ ಅದು ಕಾಯುತ್ತದೆ. ನಮ್ಮಲ್ಲಿ ಇದು ತಪ್ಪುವುದು ಮುಖ್ಯವಾಗಿ ಬೆಳಗಿನ ತಿಂಡಿಯಲ್ಲಿ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ ಎಲ್ಲವೂ ರುಚಿ, ಆದರೆ ಪ್ರೋಟೀನ್ ಅಷ್ಟಕ್ಕಷ್ಟೇ. ಅವುಗಳ ಪ್ರಮಾಣ ಅರ್ಧ ಮಾಡಿ ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ ಇಡಿ, 12 ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನದವರಿಗೆ ಹೆಸರುಕಾಳಿನ ದೋಸೆ, ಕಡಲೆಕಾಳಿನ ಉಸಲಿ, ಒಂದು ಬಟ್ಟಲು ಗಟ್ಟಿ ಮೊಸರು ಇದೆ. ರಾತ್ರಿಯ ಹಸಿವಿಗೆ ಬಹಳ ಸಲ ಕಾರಣ ಬೆಳಗಿನ ತಟ್ಟೆಯಲ್ಲಿರುತ್ತದೆ.

ಹೆಜ್ಜೆ 5: ಹೊಟ್ಟೆಯ ಮಾತು ಕೇಳುವ ಅಭ್ಯಾಸ

ಊಟಕ್ಕೆ ಕೂರುವ ಮುಂಚೆ ಒಂದು ಕ್ಷಣ ಕೇಳಿಕೊಳ್ಳಿ: ಹಸಿವು ಎಷ್ಟಿದೆ? ತಲೆ ಸುತ್ತುವಷ್ಟು ಕಾದಿದ್ದರೆ ತಡವಾಗಿದೆ, ಅಂಥ ಹಸಿವಿನಲ್ಲಿ ಯಾರೂ ಅಳತೆಯಲ್ಲಿ ತಿನ್ನಲಾರರು. ಹೊಟ್ಟೆ ಸಣ್ಣಗೆ ಗುರ್ ಅನ್ನುತ್ತಿದ್ದರೆ ಸರಿಯಾದ ಹೊತ್ತು. ಮುಕ್ಕಾಲು ಊಟ ಆದಾಗ ಕೈ ನಿಲ್ಲಿಸಿ ಇನ್ನೊಮ್ಮೆ ಕೇಳಿ. ಹಸಿವು ಹೋಗಿದೆ, ಆದರೆ ಎದ್ದು ಹತ್ತು ನಿಮಿಷ ಆರಾಮಾಗಿ ನಡೆಯಬಹುದು ಅನಿಸಿದರೆ ಅದೇ ನಿಲ್ಲುವ ಜಾಗ. ಕರುಳಿನ ಹಾರ್ಮೋನುಗಳ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಏಳು ನಿಮಿಷದಲ್ಲಿ ಊಟ ಮುಗಿಸುವವರಿಗೆ ಆ ಸುದ್ದಿ ಸಿಗುವುದು ಪಾತ್ರೆ ತೊಳೆಯುವಾಗ. ಫೋನ್ ಪಕ್ಕಕ್ಕಿಡಿ.

ನಮ್ಮ ಮನೆಗಳಲ್ಲಿ ಎರಡು ಅಡ್ಡಿ ಇವೆ. ಒಂದು ಬಡಿಸುವವರ ಪ್ರೀತಿ. "ಇನ್ನೊಂಚೂರು ಹಾಕ್ಕೋ, ಏನೂ ತಿಂದೇ ಇಲ್ಲ" ಎಂದು ಅತ್ತೆ ಸೌಟು ಎತ್ತಿದಾಗ ಬೇಡ ಎಂದರೆ ಬೇಜಾರಾಗುತ್ತದೆ. "ಅತ್ತೆ, ಪಲ್ಯ ತುಂಬಾ ಚೆನ್ನಾಗಿದೆ, ಇನ್ನೊಂದು ಸಲ ಅದನ್ನೇ ಹಾಕಿ" ಎಂದು ಕೇಳಿ. ಬಡಿಸಿದವರಿಗೂ ತೃಪ್ತಿ, ಅನ್ನವೂ ಅಲ್ಲಿಗೇ ನಿಂತಿತು.

ಇನ್ನೊಂದು ಅಡ್ಡಿ ಹೆಂಗಸರದ್ದು, ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟ. ಎಲ್ಲರೂ ಉಂಡ ಮೇಲೆ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು, ಮಕ್ಕಳ ತಟ್ಟೆಯಲ್ಲಿ ಬಿಟ್ಟದ್ದನ್ನು ಹಾಳಾಗಬಾರದು ಎಂದು ತಿನ್ನುವುದು. ಪಲ್ಯ, ಕಾಳು ಅಷ್ಟರಲ್ಲಿ ಖಾಲಿ, ಉಳಿದಿರುವುದು ಅನ್ನವೇ. ಅಡುಗೆಯಾದ ತಕ್ಷಣ ನಿಮ್ಮ ಪಾಲಿನ ಪಲ್ಯ, ಹುಳಿ, ಕೋಸಂಬರಿಯನ್ನು ಬೇರೆ ಬಟ್ಟಲಲ್ಲಿ ತೆಗೆದಿಡಿ, ಸಾಧ್ಯವಾದರೆ ಎಲ್ಲರ ಜೊತೆಗೇ ಕೂತುಬಿಡಿ. ಉಳಿದ ಅನ್ನ ಫ್ರಿಜ್‌ಗೆ ಹೋಗಲಿ. ನಾಳೆ ಅಕ್ಕಿ ಒಂದು ಹಿಡಿ ಕಡಿಮೆ ಹಾಕಿ.

ನಿದ್ದೆಯನ್ನೂ ಮರೆಯಬೇಡಿ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ನಿದ್ದೆ ಕೊಟ್ಟು ನೋಡಿದರು. ಹಸಿವಿನ ಹಾರ್ಮೋನ್ ಗ್ರೆಲಿನ್ 28% ಏರಿತು, ತೃಪ್ತಿಯ ಹಾರ್ಮೋನ್ ಲೆಪ್ಟಿನ್ 18% ಇಳಿಯಿತು. ನಿದ್ದೆಗೆಟ್ಟ ದಿನ ಹೊಟ್ಟೆ ಜಾಸ್ತಿ ಕೇಳಿದರೆ ಅದು ನಿಮ್ಮ ದೌರ್ಬಲ್ಯ ಅಲ್ಲ.

ಹೆಜ್ಜೆ 6: ಲೆಕ್ಕ ಒಂದು ಹೇಳಿ ಹೊಟ್ಟೆ ಇನ್ನೊಂದು ಹೇಳಿದಾಗ

ಲೆಕ್ಕ ಮುಗಿದಿದೆ, ಆದರೆ ಹಸಿವಿದೆ ಅಂದುಕೊಳ್ಳಿ. ನಿಜವಾದ ಹಸಿವೋ ಬಾಯಿ ಚಪಲವೋ ತಿಳಿಯಲು ಒಂದು ಪ್ರಶ್ನೆ ಸಾಕು: ಈಗ ಬರೀ ಮಜ್ಜಿಗೆ ಅನ್ನ ಕೊಟ್ಟರೆ ತಿನ್ನುತ್ತೀನಾ? ಹೌದಾದರೆ ಹಸಿವು. ಹಾಗಿದ್ದರೆ ತಿನ್ನಿ. ಒಂದು ಬಟ್ಟಲು ಕಾಳಿನ ಸಾರು, ಮೊಟ್ಟೆ, ಮಜ್ಜಿಗೆ, ಹೀಗೆ 100–150 ಕ್ಯಾಲೊರಿಯಲ್ಲಿ ಮುಗಿಯುತ್ತದೆ. ಹಸಿದು ಮಲಗಿ, ಹನ್ನೆರಡಕ್ಕೆ ಎದ್ದು ನಿಪ್ಪಟ್ಟಿನ ಡಬ್ಬಿ ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಬರೆದಿಡಿ. ವಾರದಲ್ಲಿ ಮೂರು ದಿನ ಹೀಗಾದರೆ ಮೊದಲು ತಿಂಡಿಯ ಪ್ರೋಟೀನ್ ಹೆಚ್ಚಿಸಿ. ಆಮೇಲೂ ಹೋಗದಿದ್ದರೆ ಗುರಿಯನ್ನೇ 100–150 ಮೇಲಕ್ಕೆ ಎತ್ತಿ.

ಮಜ್ಜಿಗೆ ಅನ್ನ ಬೇಡ, ಚಕ್ಕುಲಿಯೇ ಬೇಕು ಅನ್ನಿಸಿದರೆ ಅದು ಚಪಲ. ಅದನ್ನೂ ಪೂರ್ತಿ ಅದುಮಿಡಬೇಡಿ. ನಾಳೆ ಮಧ್ಯಾಹ್ನ ಊಟದ ತಟ್ಟೆಯಲ್ಲೇ ಒಂದು ಚಕ್ಕುಲಿ ಇಟ್ಟುಕೊಳ್ಳಿ, ಲೆಕ್ಕಕ್ಕೂ ಸೇರಿಸಿ. ಹೊಟ್ಟೆ ತುಂಬಿರುವಾಗ ಒಂದರಲ್ಲಿ ನಿಲ್ಲಿಸುವುದು ಸುಲಭ.

ಇನ್ನು ಕೆಲವು ದಿನ 300 ಕ್ಯಾಲೊರಿ ಉಳಿದಿದ್ದರೂ ಹೊಟ್ಟೆ ಸಾಕು ಅನ್ನುತ್ತದೆ. ಸಂಖ್ಯೆ ಮುಟ್ಟಬೇಕೆಂದು ತಿನ್ನಬೇಡಿ, ಮರುದಿನ ಹಸಿವು ಅದನ್ನು ಸರಿ ಮಾಡಿಕೊಳ್ಳುತ್ತದೆ. ಆದರೆ ದಿನಗಟ್ಟಲೆ ಕೆಳಗಿನ ಗೆರೆಗಿಂತ ಕಡಿಮೆಯೇ ಆಗುತ್ತಿದ್ದರೆ ಜೋಪಾನ. ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಹಸಿವೇ ಅಡಗಿಬಿಡುತ್ತದೆ. ಅವರಿಗೆ ಲೆಕ್ಕ ಬೇಕಾಗಿರುವುದು ಜಾಸ್ತಿ ತಿನ್ನದಿರಲು ಅಲ್ಲ, ಸಾಕಷ್ಟು ತಿನ್ನಲು. ಪ್ರೋಟೀನ್ ಮೊದಲು ತಿಂದು ಮುಗಿಸಲಿ.

ಹಬ್ಬ, ಮದುವೆಗಳಲ್ಲಿ ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಿರಿ. ದಿನಕ್ಕೆ 1,450 ಅಂದರೆ ವಾರಕ್ಕೆ 10,150. ಯುಗಾದಿಯ ದಿನ ತುಪ್ಪ ಹಾಕಿದ ಎರಡು ಹೋಳಿಗೆ 500–600 ಆಗಬಹುದು. ಉಳಿದ ಆರು ದಿನ ಕಾಫಿಯ ಸಕ್ಕರೆ, ಎಣ್ಣೆ ಸ್ವಲ್ಪ ಹಿಡಿದರೆ ಸರಿಹೋಗುತ್ತದೆ. ಮರುದಿನ ಉಪವಾಸ ಮಾತ್ರ ಮಾಡಬೇಡಿ. ತಿಂದದ್ದಕ್ಕೆ ಶಿಕ್ಷೆ ಅನ್ನುವ ಭಾವನೆ ಬಂದರೆ ಊಟದ ಖುಷಿಯೇ ಹೋಗುತ್ತದೆ.

ಹೆಜ್ಜೆ 7: ತೂಕ ನೋಡುವುದು, ಗುರಿ ತಿದ್ದುವುದು

ವಾರದಲ್ಲಿ ಮೂರ್ನಾಲ್ಕು ದಿನ ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ತೂಕ ನೋಡಿ, ಸರಾಸರಿ ತೆಗೆಯಿರಿ. ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ನೀರಿನಿಂದಲೇ ಒಂದು ಕಿಲೊ ಏರಬಹುದು. ಮೂರು ವಾರದ ಸರಾಸರಿ ಕದಲದಿದ್ದರೆ ಮಾತ್ರ ಏನಾದರೂ ಬದಲಾಯಿಸಿ. ಆಗಲೂ ಮೊದಲು ಎಣ್ಣೆ, ಕಾಯಿ, ಕಾಫಿಯನ್ನು ಮತ್ತೆ ಒಂದು ವಾರ ಅಳೆಯಿರಿ, ಅಳತೆ ಸಡಿಲವಾಗಿರುವುದೇ ಹೆಚ್ಚು. ಅದೂ ಸರಿಯಿದ್ದರೆ ದಿನಕ್ಕೆ ಅರ್ಧ ಗಂಟೆ ನಡಿಗೆ ಸೇರಿಸಿ ಅಥವಾ 100 ಕ್ಯಾಲೊರಿ ಕಡಿಮೆ ಮಾಡಿ.

ನಾಲ್ಕೈದು ಕಿಲೊ ಇಳಿದ ಮೇಲೆ ಹಸಿವು ಮೊದಲಿಗಿಂತ ಜೋರಾಗುತ್ತದೆ. ಕೆವಿನ್ ಹಾಲ್ ಮತ್ತು ಸಂಗಡಿಗರ 2016ರ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕಿಲೊಗೆ ದೇಹದ ಖರ್ಚು ದಿನಕ್ಕೆ 20–30 ಕ್ಯಾಲೊರಿ ತಗ್ಗುತ್ತದೆ, ಹಸಿವು ಮಾತ್ರ 100ರಷ್ಟು ಏರುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. ಆ ಹೊತ್ತಿಗೆ ಎರಡು ವಾರ ಬಿಡುವು ಕೊಡಿ. ಹೊಸ ತೂಕಕ್ಕೆ ಸೂತ್ರ ಹಾಕಿ, ಓಡಾಟದ್ದನ್ನೂ ಸೇರಿಸಿ, 350 ಕಳೆಯದೆ ಅಷ್ಟನ್ನೂ ತಿನ್ನಿ. ತಟ್ಟೆಯ ರೂಪ ಹಾಗೇ ಇರಲಿ. ಹಸಿವು ಸ್ವಲ್ಪ ತಣ್ಣಗಾದ ಮೇಲೆ ಮತ್ತೆ ಶುರು ಮಾಡಬಹುದು.

ಹೆಜ್ಜೆ 8: ಬರೆಯುವುದನ್ನು ಬಿಡುವುದು

ಮೂರು ತಿಂಗಳು ಕಳೆಯುವಷ್ಟರಲ್ಲಿ ನಿಮ್ಮ ಮನೆಯ ಹತ್ತು ಹನ್ನೆರಡು ಊಟಗಳ ಲೆಕ್ಕ ಬಾಯಿಪಾಠ ಆಗಿರುತ್ತದೆ. ಮೊದಲು ರಾತ್ರಿಯೂಟ ಬರೆಯುವುದನ್ನು ಬಿಡಿ, ಹೊಟ್ಟೆ ಹೇಳಿದಷ್ಟೇ ತಿನ್ನಿ. ಎರಡು ವಾರ ಸರಾಸರಿ ತೂಕ ಸರಿಯಿದ್ದರೆ ಮಧ್ಯಾಹ್ನದ್ದನ್ನೂ ಬಿಡಿ. ಕೊನೆಗೆ ತಿಂಡಿ, ಕಾಫಿ. ಹೊರಗೆ ತಿನ್ನುವ ದಿನಗಳನ್ನು ಮಾತ್ರ ಇನ್ನೂ ಕೆಲವು ಕಾಲ ಬರೆದಿಡಿ, ಹೋಟೆಲಿನ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ.

ಗುರಿ ಮುಟ್ಟಿದ ಮೇಲೆ ವಾರಕ್ಕೆ ನೂರರಂತೆ ಕ್ಯಾಲೊರಿ ಹೆಚ್ಚಿಸುತ್ತಾ, ತೂಕ ನಿಲ್ಲುವ ಜಾಗ ಹುಡುಕಿ. ಆಮೇಲೆ ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದ ಅಳತೆ ನೋಡಿದರೆ ಆಯಿತು. ಸರಾಸರಿ ಎರಡು ಕಿಲೊ ಏರಿದರೆ ತಕ್ಕಡಿ ಹೊರಗೆ ತೆಗೆದು ಎರಡು ವಾರ ಮತ್ತೆ ಬರೆಯಿರಿ, ಎಣ್ಣೆಯಿಂದಲೇ ಶುರು ಮಾಡಿ.